12 ವೋಲ್ಟ್ ಲೈನಿಗೆ ಯಾವ ಡಯೋಡ್? ಮೂರು ಹಾಕಿ ನೋಡಿದೆ

ಕಂಪ್ಯೂಟರಿಗೆ ಕರೆಂಟ್ ಕೊಡುವ ಹಳೇ 450 ವಾಟ್ ಎಸ್‌ಎಂಪಿಎಸ್. ಆನ್ ಮಾಡಿದರೆ ಫ್ಯಾನ್ ಒಮ್ಮೆ ಅಲುಗಿ ನಿಂತುಬಿಡುತ್ತಿತ್ತು. ಬಿಚ್ಚಿ ಮೀಟರ್ ಹಿಡಿದರೆ 12 ವೋಲ್ಟ್ ಕಡೆಯ ರೆಕ್ಟಿಫೈಯರ್ (ಎಸಿಯನ್ನು ಡಿಸಿ ಮಾಡುವ ಡಯೋಡ್) ಶಾರ್ಟ್. ಮೂರು ಕಾಲು, ಒಳಗೆ ಜೋಡಿ ಡಯೋಡ್. ಮೇಲಿನ ನಂಬರ್ ಸುಟ್ಟು ಅಳಿಸಿಹೋಗಿತ್ತು.

ಮೊದಲು ಕೈಗೆ ಸಿಕ್ಕಿದ್ದು ಗುಜರಿ ಬೋರ್ಡಿನ 5 ವೋಲ್ಟ್ ಕಡೆಯಿಂದ ಕಿತ್ತ ಎಂಬಿಆರ್ 3045 ಸಿಟಿ. 30 ಆಂಪ್ ಶಾಟ್ಕಿ (ವೋಲ್ಟ್ ಕಡಿಮೆ ಕಳೆಯುವ ಜಾತಿಯ ಡಯೋಡ್), ಸಾಕೋ ಸಾಕು ಅಂದುಕೊಂಡೆ. ಹಾಕಿ ಆನ್ ಮಾಡಿದ ಕ್ಷಣಕ್ಕೇ ಅದೂ ಶಾರ್ಟ್. ತಪ್ಪು ನನ್ನದೇ. ಆಂಪ್ ನೋಡಿದೆ, ವೋಲ್ಟ್ ನೋಡಲಿಲ್ಲ. ಇಂಥ ಹಾಫ್ ಬ್ರಿಡ್ಜ್ (ಎರಡು ಸ್ವಿಚ್ ಸರದಿಯಲ್ಲಿ ಆನ್ ಆಗುವ) ಸಪ್ಲೈನಲ್ಲಿ ಒಂದು ಡಯೋಡ್ ಆಫ್ ಇರುವಾಗ ಟ್ರಾನ್ಸ್‌ಫಾರ್ಮರ್ ಸೆಕೆಂಡರಿಯ ಎರಡೂ ಅರ್ಧಗಳ ವೋಲ್ಟೇಜ್ ಸೇರಿ ಅದರ ಮೇಲೆ ಉಲ್ಟಾ ಬೀಳುತ್ತದೆ. ಹೊರಗೆ ಬರುವುದು 12 ವೋಲ್ಟೇ ಆದರೂ ಒಳಗೆ 50 ದಾಟುತ್ತದೆ, ಮೇಲೆ ಸ್ಪೈಕ್ ಬೇರೆ. 45 ವೋಲ್ಟಿನ ಪೀಸು ಎಲ್ಲಿ ತಡೆಯುತ್ತೆ? 5 ವೋಲ್ಟ್ ಕಡೆಗೆ ಮಾತ್ರ ಅದು ಒಳ್ಳೇ ಆಯ್ಕೆಯೇ.

ಆಮೇಲೆ ಎಂಯುಆರ್ 1620 ಸಿಟಿ ಹಾಕಿದೆ. ಅಲ್ಟ್ರಾಫಾಸ್ಟ್ (ಬೇಗ ಆಫ್ ಆಗುವ, ಶಾಟ್ಕಿ ಅಲ್ಲದ ಡಯೋಡ್), 16 ಆಂಪ್, 200 ವೋಲ್ಟ್. ಸಪ್ಲೈ ಎದ್ದು ನಿಂತಿತು. ಲೋಡ್‌ಗೆ ಕಾರಿನ 55 ವಾಟ್ ಹೆಡ್‌ಲೈಟ್ ಬಲ್ಬು ಎರಡು, ಅಂದರೆ 9 ಆಂಪ್ ಚಿಲ್ಲರೆ. ಅರ್ಧ ಗಂಟೆಗೆ ಹೀಟ್‌ಸಿಂಕ್ 71 ಡಿಗ್ರಿ. ಈ ಜಾತಿಯ ಡಯೋಡಿನಲ್ಲಿ ಹೆಚ್ಚುಕಡಿಮೆ 0.9 ವೋಲ್ಟ್ ಕಳೆದುಹೋಗುತ್ತದೆ. 9 ಆಂಪಿಗೆ ಲೆಕ್ಕ ಹಾಕಿ, 8 ವಾಟ್ ಸುಮ್ನೆ ಬಿಸಿಗೇ ಹೋಯಿತು.

ಕೊನೆಗೆ ಎಂಬಿಆರ್ 20100 ಸಿಟಿ. 20 ಆಂಪ್, 100 ವೋಲ್ಟ್ ಶಾಟ್ಕಿ. 20 ಅಂದರೆ ಎರಡೂ ಡಯೋಡ್ ಸೇರಿ, ಒಂದೊಂದಕ್ಕೆ 10. ಅದೇ ಬಲ್ಬು, ಅದೇ ಫ್ಯಾನ್, ಅದೇ ಅರ್ಧ ಗಂಟೆ: 63 ಡಿಗ್ರಿ. ವ್ಯತ್ಯಾಸ ಎಂಟೇ ಡಿಗ್ರಿ, ಆದರೆ ಪಕ್ಕದಲ್ಲೇ ಇರುವ ಕೆಪಾಸಿಟರ್‌ಗಳಿಗೆ ಅದು ದೊಡ್ಡದು. ಶಾಟ್ಕಿಯ ಒಂದು ಕೆಟ್ಟ ಗುಣ ಗೊತ್ತಿರಲಿ: ಬಿಸಿಯಾದಷ್ಟೂ ಲೀಕೇಜ್ (ಉಲ್ಟಾ ಸೋರುವ ಕರೆಂಟ್) ಜಾಸ್ತಿ. ಫ್ಯಾನ್ ಸುಸ್ತಾದ ಸಪ್ಲೈ ಆದರೆ ನಾನು 200 ವೋಲ್ಟಿನ ಅಲ್ಟ್ರಾಫಾಸ್ಟನ್ನೇ ಹಾಕುತ್ತೇನೆ.

ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಇವೆಲ್ಲ ಸಿಗುತ್ತವೆ, ಡೂಪ್ಲಿಕೇಟೂ ಸಿಗುತ್ತದೆ. ನಾನು ತಂದ ಎರಡು 20100ರಲ್ಲಿ ಒಂದು ಮೀಟರಿನ ಡಯೋಡ್ ಟೆಸ್ಟಲ್ಲಿ 0.43 ತೋರಿಸಿತು, ಇನ್ನೊಂದು 0.24. ಶಾಟ್ಕಿ ಅಂದಮೇಲೆ ಕಡಿಮೆ ತೋರಿಸಬೇಕು ಅಲ್ವಾ? ಮೊದಲನೆಯದು ಬಿಸಾಕಿದೆ.

ಈಗಿನ ಒಳ್ಳೇ ಸಪ್ಲೈಗಳಲ್ಲಿ ಡಯೋಡ್ ಬದಲು, ಸ್ವಿಚ್ಚಿನಂತೆ ಕೆಲಸ ಮಾಡುವ ಟ್ರಾನ್ಸಿಸ್ಟರ್ ಆದ ಮಾಸ್‌ಫೆಟ್ ಇರುತ್ತದೆ. 5 ಮಿಲಿಓಮಿನದಾದರೆ 9 ಆಂಪಿಗೆ ಅರ್ಧ ವಾಟೂ ಸುಡುವುದಿಲ್ಲ. ಆಸೆಯಾಯಿತು, ನಿಜ. ಆದರೆ ಅದರ ಗೇಟನ್ನು (ಹಿಡಿತದ ಕಾಲನ್ನು) ಸರಿಯಾದ ಹೊತ್ತಿಗೆ ಆನ್-ಆಫ್ ಮಾಡುವ ಸರ್ಕ್ಯೂಟ್ ಹಳೇ ಬೋರ್ಡಿನಲ್ಲಿ ಇಲ್ಲವೇ ಇಲ್ಲ.

ನೀವು ಬದಲಿಸುವುದಾದರೆ ಎರಡು ಎಚ್ಚರ. ದೊಡ್ಡ ಕೆಪಾಸಿಟರ್‌ಗಳಲ್ಲಿ 310 ವೋಲ್ಟ್ ಉಳಿದಿರಬಹುದು, ಖಾಲಿಯಾಗಿದೆಯಾ ಅಂತ ಅಳೆದೇ ಕೈ ಹಾಕಿ. ಡಯೋಡಿನ ಹಿಂದಿನ ತಗಡು ನಡುಕಾಲಿಗೆ ಸೇರಿರುತ್ತದೆ, ಹೀಟ್‌ಸಿಂಕ್ ನಡುವಿನ ಕರೆಂಟ್ ತಡೆಯುವ ಮೈಕಾ ಹಾಳೆ ಮರೀಬೇಡಿ. ನಾನು ಒಮ್ಮೆ ಮರೆತಿದ್ದೆ.