ವೀಮ್ ಏಜೆಂಟ್ ಉಚಿತ ಆವೃತ್ತಿ: ತೋಟದ ಲೆಕ್ಕಕ್ಕೆ ಸಾಕೇ?

ಮೂಡಿಗೆರೆ ಕಡೆ ಮಳೆಗಾಲದಲ್ಲಿ ಕರೆಂಟು ನಂಬುವಂತಿಲ್ಲ. ಹಠಾತ್ತನೆ ಹೋದರೆ ಕಂಪ್ಯೂಟರಿನ ಫೈಲು ಕೆಡಬಹುದು. ಕಾಫಿ ತೋಟದ ಲೆಕ್ಕವೆಲ್ಲ ಟ್ಯಾಲಿಯಲ್ಲಿದ್ದರೆ, ಕಂಪ್ಯೂಟರಿನಲ್ಲಿರುವುದರ ನಕಲನ್ನು ಬೇರೆ ಡಿಸ್ಕಿನಲ್ಲಿಡುವ (ಬ್ಯಾಕಪ್) ಈ ತಂತ್ರಾಂಶ ಒಳ್ಳೆಯ ಆಯ್ಕೆಯೇ. ಮೊದಲ ಸಲ ಪೂರ್ತಿ ನಕಲು, ವಿಬಿಕೆ ಫೈಲು. ಆಮೇಲೆ ದಿನವೂ ಬದಲಾದಷ್ಟು ಮಾತ್ರ, ವಿಐಬಿ ಫೈಲು. ಜಾಗವೇನೋ ಉಳಿಯುತ್ತದೆ, ಆದರೆ ಇದು ಸರಪಳಿ: ಬುಧವಾರದ ಕೊಂಡಿ ಕೆಟ್ಟರೆ ಗುರುವಾರ, ಶುಕ್ರವಾರದ್ದೂ ಕೈಬಿಟ್ಟಂತೆ. ಡಿಫರೆನ್ಷಿಯಲ್ ಪದ್ಧತಿಯಲ್ಲಾದರೆ (ಪೂರ್ತಿ ನಕಲಿನ ನಂತರ ಬದಲಾದದ್ದೆಲ್ಲವನ್ನೂ ಪ್ರತಿ ಸಲ ಉಳಿಸುವುದು) ಪೂರ್ತಿ ನಕಲಿನ ಜೊತೆ ಕೊನೆಯದೊಂದಿದ್ದರೆ ಸಾಕು. ಆ ಸೌಲಭ್ಯ ಇಲ್ಲಿಲ್ಲ. ಹಾಗಾಗಿ ತಿಂಗಳಿಗೊಮ್ಮೆ ಆ್ಯಕ್ಟಿವ್ ಫುಲ್ (ಹೊಸದಾಗಿ ಪೂರ್ತಿ ನಕಲು) ಓಡಿಸಿ, ಹೊಸ ಸರಪಳಿ ಶುರುವಾಗುತ್ತದೆ.

ಬ್ಯಾಕಪ್ ಮುಗಿದೊಡನೆ ಡಿಸ್ಕ್ ಇಜೆಕ್ಟ್ ಆಗುವ ಆಯ್ಕೆಗೆ ಟಿಕ್ ಹಾಕಿ; ಆಮೇಲೆ ಬಂದ, ಫೈಲುಗಳಿಗೆ ಬೀಗ ಹಾಕಿ ಹಣ ಕೇಳುವ ರ‍್ಯಾನ್ಸಮ್‌ವೇರ್‌ಗೆ ಅದು ಸಿಗದು. ರಿಕವರಿ ಪೆನ್‌ಡ್ರೈವನ್ನೂ ಮೊದಲೇ ಮಾಡಿಡಿ, ವಿಂಡೋಸ್ ಏಳದ ದಿನ ಹುಡುಕಾಟ ತಪ್ಪುತ್ತದೆ. ದೊಡ್ಡ ಕೊರತೆ: ಒಂದೇ ಜಾಬ್ (ಏನನ್ನು, ಎಲ್ಲಿಗೆ, ಯಾವಾಗ ನಕಲಿಸಬೇಕೆಂಬ ಹೊಂದಿಕೆ). ತೋಟದ ಡಿಸ್ಕಿಗೊಂದು, ಪೇಟೆ ಮನೆಯದಕ್ಕೊಂದು ಎಂದು ಎರಡು ಇಡಲಾಗದು.