ಹಾಸಿಗೆ ಪಕ್ಕದ ಗ್ಲೂಕೋಮೀಟರೋ, ಪ್ರಯೋಗಾಲಯದ ಪರೀಕ್ಷೆಯೋ?

ಆಸ್ಪತ್ರೆಯಲ್ಲಿರುವ ಮಧುಮೇಹಿಗೆ ಊಟಕ್ಕೆ ಮೊದಲು ಎಷ್ಟು ಯೂನಿಟ್ ಇನ್ಸುಲಿನ್ ಕೊಡಬೇಕೆಂದು ನಿರ್ಧರಿಸಲು ಗ್ಲೂಕೋಮೀಟರೇ ಸೂಕ್ತ. ಬೆರಳ ತುದಿಯ ಒಂದು ಹನಿ ರಕ್ತದಿಂದ ಕೆಲವೇ ಸೆಕೆಂಡುಗಳಲ್ಲಿ ಫಲಿತಾಂಶ ಸಿಗುತ್ತದೆ. ಸಕ್ಕರೆ ಕುಸಿದು ರೋಗಿ ಬೆವರಿ, ನಡುಗಿ, ಮಾತು ತೊದಲುತ್ತಿರುವಾಗ ಪ್ರಯೋಗಾಲಯದ ವರದಿಗೆ ಕಾಯುವುದು ಅಪಾಯಕಾರಿ.

ಆದರೆ ಆ ಅಂಕಿಗೊಂದು ಮಿತಿಯಿದೆ. ಮನೆಬಳಕೆಯ ಮೀಟರುಗಳಿಗಾಗಿ 2013ರಲ್ಲಿ ಪರಿಷ್ಕೃತವಾದ ಐಎಸ್‌ಒ 15197 ಎಂಬ ಅಂತರರಾಷ್ಟ್ರೀಯ ಮಾನದಂಡವು ಪ್ರತಿ ಡೆಸಿಲೀಟರಿಗೆ 100 ಮಿಲಿಗ್ರಾಂ ಮತ್ತು ಅದಕ್ಕೂ ಮೇಲಿನ ಮಟ್ಟದಲ್ಲಿ ಶೇ 15ರಷ್ಟು ವ್ಯತ್ಯಾಸವನ್ನು ಒಪ್ಪುತ್ತದೆ. ಅಂದರೆ ನಿಜವಾದ 200, ಮೀಟರಿನಲ್ಲಿ 170 ಅಥವಾ 230 ಆಗಿ ಕಾಣಿಸಬಹುದು. ಇದಕ್ಕಿಂತ ಹೆಚ್ಚು ಎಚ್ಚರ ಬೇಕಾದದ್ದು ರಕ್ತಹೀನತೆಯಲ್ಲಿ. ಕೆಂಪು ರಕ್ತಕಣಗಳು ಕಡಿಮೆಯಿದ್ದಾಗ ಮೀಟರಿನ ಅನೇಕ ಸ್ಟ್ರಿಪ್‌ಗಳು (ರಕ್ತದ ಹನಿ ಹಾಕುವ ಪಟ್ಟಿಗಳು) ಸಕ್ಕರೆಯನ್ನು ಇರುವುದಕ್ಕಿಂತ ಹೆಚ್ಚಾಗಿ ತೋರಿಸುವುದರಿಂದ, ನಿಜಕ್ಕೂ ಕುಸಿದಿರುವ ಸಕ್ಕರೆ ಮರೆಯಾಗಿಬಿಡಬಹುದು. ರಕ್ತದೊತ್ತಡ ತೀರಾ ಇಳಿದು ಕೈಬೆರಳು ತಣ್ಣಗಾಗಿರುವ ತೀವ್ರನಿಗಾ ಘಟಕದ ರೋಗಿಯಲ್ಲಂತೂ ಬೆರಳಿನ ರಕ್ತವನ್ನು ನಂಬುವಂತಿಲ್ಲ. (ಹಣ್ಣು ಮುಟ್ಟಿದ ಬೆರಳನ್ನು ತೊಳೆಯದೆ ಚುಚ್ಚಿದರೂ ಅಂಕಿ ಏರುತ್ತದೆ.)

ಪ್ರಯೋಗಾಲಯವು ರಕ್ತನಾಳದಿಂದ ತೆಗೆದ ರಕ್ತದ ಪ್ಲಾಸ್ಮಾದಲ್ಲಿ, ಅಂದರೆ ರಕ್ತಕಣಗಳನ್ನು ಬೇರ್ಪಡಿಸಿದ ದ್ರವಭಾಗದಲ್ಲಿ, ಸಕ್ಕರೆಯನ್ನು ಅಳೆಯುವುದರಿಂದ ಹೆಚ್ಚು ನಿಖರ. ಮಧುಮೇಹವಿದೆಯೆಂದು ಮೊದಲ ಬಾರಿಗೆ ಖಚಿತಪಡಿಸಲು ಅದೇ ಬೇಕು. ಅಲ್ಲಿನ ದೌರ್ಬಲ್ಯ ವಿಳಂಬ: ಕೊಳವೆಯಲ್ಲೇ ಉಳಿದ ರಕ್ತಕಣಗಳು ಗಂಟೆಗೆ ಸುಮಾರು ಶೇ 5ರಿಂದ 7ರಷ್ಟು ಗ್ಲೂಕೋಸನ್ನು ಬಳಸಿಕೊಳ್ಳುತ್ತವೆ, ಇದನ್ನು ತಡೆಯಲೆಂದೇ ಬೂದು ಮುಚ್ಚಳದ ಕೊಳವೆಯಲ್ಲಿ ಹಾಕಿರುವ ಫ್ಲೋರೈಡ್ ಕೂಡ ಅದನ್ನು ತಕ್ಷಣ ತಡೆಯುವುದಿಲ್ಲ.

ಹಾಗಾಗಿ ದಿನನಿತ್ಯದ ನಿಗಾಕ್ಕೆ ಮೀಟರನ್ನೇ ಆರಿಸಿ. ಅಂಕಿಗೂ ರೋಗಿಯ ಸ್ಥಿತಿಗೂ ತಾಳೆಯಾಗದಿದ್ದರೆ ಪ್ರಯೋಗಾಲಯಕ್ಕೆ ರಕ್ತ ಕಳುಹಿಸಿ, ಸಕ್ಕರೆ ಕುಸಿದ ಲಕ್ಷಣಗಳಿದ್ದಲ್ಲಿ ವರದಿ ಬರುವ ಮೊದಲೇ ಚಿಕಿತ್ಸೆ ಆರಂಭಿಸಿ.