ಹತ್ತನೇ ವಿಧಿಯ ನಿವಾಸ ಕಾರ್ಡು: ಕಾನೂನು ಗಟ್ಟಿ, ಕೌಂಟರ್ ದುರ್ಬಲ

ಯೂರೋಪ್ ಒಕ್ಕೂಟದ ಪೌರರನ್ನು ಮದುವೆಯಾಗಿ, ಅವರ ತಾಯ್ನಾಡಲ್ಲದ ಮತ್ತೊಂದು ಸದಸ್ಯ ದೇಶದಲ್ಲಿ ಅವರೊಂದಿಗೆ ನೆಲೆಸಿರುವ, ಒಕ್ಕೂಟದ ಹೊರಗಿನ ದೇಶದವರಿಗೆ 2004ರ 38ನೇ ನಿರ್ದೇಶನವೆಂಬ ಒಕ್ಕೂಟದ ಕಾನೂನಿನ ಹತ್ತನೇ ವಿಧಿಯಂತೆ ಒಂದು ನಿವಾಸ ಕಾರ್ಡು ಸಿಗುತ್ತದೆ. ನಾನು ಕಾರವಾರದವಳು, ಗೋವಾ ಮೂಲದ ನನ್ನ ಪತಿ ಪೋರ್ಚುಗೀಸ್ ಪೌರರು, ನಮ್ಮ ವಾಸ ಜರ್ಮನಿಯಲ್ಲಿ. ತಮ್ಮೊಳಗಿನ ಗಡಿಗಳಲ್ಲಿ ತಪಾಸಣೆ ಕೈಬಿಟ್ಟಿರುವ ಯೂರೋಪಿನ ದೇಶಗಳ ಗುಂಪಾದ ಷೆಂಗೆನ್ ವಲಯದೊಳಗೆ ಓಡಾಡುವುದಕ್ಕೆ ಜರ್ಮನಿಯ ಯಾವುದೇ ಸಾಮಾನ್ಯ ನಿವಾಸ ಪರವಾನಗಿಯಿದ್ದರೂ 180 ದಿನಗಳಲ್ಲಿ 90 ದಿನಗಳ ಅವಕಾಶವಿರುವುದರಿಂದ, ಅಲ್ಲಿ ಈ ಕಾರ್ಡಿನ ಹೆಚ್ಚುಗಾರಿಕೆ ಕಾಣುವುದಿಲ್ಲ. ಒಕ್ಕೂಟದಲ್ಲಿದ್ದೂ ಷೆಂಗೆನ್‌ಗೆ ಸೇರದ ಐರ್ಲೆಂಡಿಗೆ, ಕಾರ್ಡು ಕೊಡುವ ವೀಸಾ ವಿನಾಯಿತಿಯನ್ನು ನಂಬಿ ಸಂಗಾತಿಯೊಡನೆ ಹೊರಟಾಗಲೇ ಅದರ ನಿಜವಾದ ಪರೀಕ್ಷೆ.

ಕಾರ್ಡು ಪಡೆಯುವ ಹಂತದ ಬಗ್ಗೆ ಹೆಚ್ಚು ದೂರಿಲ್ಲ. ಅರ್ಜಿ ಹಾಕಿದ ಕೂಡಲೇ ಸ್ವೀಕೃತಿ ಪತ್ರ ಕೊಡಬೇಕು, ಆರು ತಿಂಗಳೊಳಗೆ ಕಾರ್ಡು ಕೊಡಬೇಕು, ಇಂಥದೇ ದಾಖಲೆಗೆ ಸ್ಥಳೀಯ ಪೌರರಿಂದ ಪಡೆಯುವುದಕ್ಕಿಂತ ಹೆಚ್ಚಿನ ಶುಲ್ಕ ಪಡೆಯಬಾರದು ಎಂದು ನಿರ್ದೇಶನವೇ ಹೇಳುತ್ತದೆ. ನಮ್ಮ ಅರ್ಜಿಯನ್ನು ನೋಡಿದ ಕಚೇರಿಯವರು ಆ ವಿಧಿ ಹೇಳುವ ದಾಖಲೆಗಳ ಪಟ್ಟಿಯಲ್ಲಿಲ್ಲದ ನನ್ನ ಭಾಷಾ ಪರೀಕ್ಷೆಯ ಪ್ರಮಾಣಪತ್ರವನ್ನೂ ಕೇಳಿದರು. ವಿಧಿಯ ಪ್ರತಿಯನ್ನು ಮುಂದಿಟ್ಟ ಮೇಲೆ ಸುಮ್ಮನಾದರು.

ತೊಡಕಿರುವುದು ವಿಮಾನ ಸಂಸ್ಥೆಯ ಕೌಂಟರಿನಲ್ಲಿ. ನಾವು ಆರಿಸಿಕೊಂಡಿದ್ದ ಸಂಸ್ಥೆಯ ಆ್ಯಪ್ ಪತಿಯ ಬೋರ್ಡಿಂಗ್ ಪಾಸನ್ನು ತಕ್ಷಣ ಕೊಟ್ಟು, ನನ್ನದನ್ನು ದಾಖಲೆ ತಪಾಸಣೆಯ ನೆಪದಲ್ಲಿ ತಡೆಹಿಡಿಯಿತು. ಕೌಂಟರಿನಲ್ಲಿದ್ದ ಸಿಬ್ಬಂದಿ ಪಾಸ್‌ಪೋರ್ಟಿನ ಪುಟಗಳನ್ನು ಎರಡೆರಡು ಸಲ ಮಗುಚಿ ಐರಿಷ್ ವೀಸಾಕ್ಕಾಗಿ ಹುಡುಕಿದರೇ ಹೊರತು, ಪಕ್ಕದಲ್ಲೇ ಇಟ್ಟಿದ್ದ ಕಾರ್ಡಿನತ್ತ ನೋಡಲಿಲ್ಲ. ಕಾರ್ಡಿನ ಮೇಲೆ ಮುದ್ರಿಸಿರುವ, ಹತ್ತನೇ ವಿಧಿಯನ್ನೂ 2004/38 ಸಂಖ್ಯೆಯನ್ನೂ ಹೇಳುವ ಸಾಲನ್ನು ನಾನು ಬೆರಳಿಟ್ಟು ತೋರಿಸಿದ ಮೇಲೆ ಮೇಲ್ವಿಚಾರಕರನ್ನು ಕರೆದರು. ಅವರು, ಯಾರಿಗೆ ಎಲ್ಲಿಗೆ ಯಾವ ದಾಖಲೆ ಬೇಕೆಂದು ವಿಮಾನ ಸಂಸ್ಥೆಗಳು ನೋಡಿಕೊಳ್ಳುವ ಟಿಮ್ಯಾಟಿಕ್ ದತ್ತಾಂಶದಲ್ಲಿ ಭಾರತ, ಜರ್ಮನಿ ಎಂದಷ್ಟೇ ತುಂಬದೆ ಕಾರ್ಡಿನ ಬಗೆಯನ್ನೂ ಆರಿಸಿದಾಗ ವೀಸಾ ಬೇಡವೆಂಬ ಉತ್ತರ ಬಂತು. ಡಬ್ಲಿನ್‌ನ ಅಧಿಕಾರಿಯಾದರೋ ಪತಿ ಜೊತೆಗಿದ್ದಾರೆಯೇ, ಎಷ್ಟು ದಿನದ ವಾಸ ಎಂದು ಕೇಳಿ ಒಳಗೆ ಬಿಟ್ಟರು.

ಸಿಬ್ಬಂದಿಯ ಅಂಜಿಕೆಗೆ ಕಾರಣವಿಲ್ಲದಿಲ್ಲ. ಸರಿಯಾದ ದಾಖಲೆಯಿಲ್ಲದವರನ್ನು ಹೊತ್ತು ತಂದ ಸಂಸ್ಥೆಗೆ ಪ್ರತಿ ಪ್ರಯಾಣಿಕರ ಲೆಕ್ಕದಲ್ಲಿ ಸಾವಿರಾರು ಯೂರೋ ದಂಡ ಬೀಳುತ್ತದೆ. 2017ರಲ್ಲಿ, ಆಗಿನ್ನೂ ಒಕ್ಕೂಟದಲ್ಲಿದ್ದ ಬ್ರಿಟನ್ನಿನ ಶಾಶ್ವತ ನಿವಾಸ ಕಾರ್ಡು ಹಿಡಿದು ಲಂಡನ್‌ನಿಂದ ಬುಡಾಪೆಸ್ಟ್‌ಗೆ ಬಂದ ಉಕ್ರೇನ್ ಪ್ರಜೆಯೊಬ್ಬರನ್ನು ಹಂಗೇರಿಯ ಪೊಲೀಸರು ಒಳಗೆ ಬಿಡದೆ, ಕರೆತಂದ ರಯಾನ್‌ಏರ್‌ಗೆ ದಂಡ ಹಾಕಿದ್ದರು. ನಾವು ಹೋದದ್ದು ಬೇರೆ ಸಂಸ್ಥೆಯಲ್ಲಿ, ಆದರೆ ಈ ಪ್ರಕರಣ ಎಲ್ಲ ಸಂಸ್ಥೆಗಳಿಗೂ ಪಾಠವಾಗಬೇಕಿತ್ತು: 2020ರ ಜೂನ್ 18ರಂದು ಒಕ್ಕೂಟದ ನ್ಯಾಯಾಲಯವು ಶಾಶ್ವತ ಕಾರ್ಡಿಗೂ ವೀಸಾ ವಿನಾಯಿತಿ ಇದೆಯೆಂದೂ, ಕೌಟುಂಬಿಕ ಸಂಬಂಧಕ್ಕೆ ಕಾರ್ಡೇ ಸಾಕಷ್ಟು ಪುರಾವೆಯೆಂದೂ ತೀರ್ಪಿತ್ತಿತು. ಹಾಗಿದ್ದರೂ ಮದುವೆಯ ಪ್ರಮಾಣಪತ್ರದ ಪ್ರತಿಯೊಂದನ್ನು ಕೈಚೀಲದಲ್ಲಿ ಇಟ್ಟುಕೊಳ್ಳುವುದು ಲೇಸು. ಕೌಂಟರಿನ ಮುಂದೆ ತೀರ್ಪು ಓದಿಸುವಷ್ಟು ವ್ಯವಧಾನ ಯಾರಿಗಿರುತ್ತದೆ?

ಕಾರ್ಡಿನ ಮಿತಿಗಳನ್ನು ಟಿಕೆಟ್ ಕೊಳ್ಳುವ ಮೊದಲೇ ತಿಳಿದಿರಬೇಕು. ಪತಿ ಅಥವಾ ಪತ್ನಿ ಜೊತೆಯಲ್ಲಿರಬೇಕು, ಇಲ್ಲವೇ ಆಗಲೇ ಅಲ್ಲಿದ್ದು ನಾವು ಅವರನ್ನು ಸೇರಲು ಹೋಗುತ್ತಿರಬೇಕು. ಕಚೇರಿಯ ಸಭೆಗೆಂದು ಒಬ್ಬರೇ ಡಬ್ಲಿನ್‌ಗೆ ಹೊರಟರೆ ವೀಸಾ ಬೇಕೇ ಬೇಕು. ಜರ್ಮನ್ ಪೌರರನ್ನು ಮದುವೆಯಾಗಿ ಜರ್ಮನಿಯಲ್ಲೇ ಇರುವ ನನ್ನ ಗೆಳತಿಗೆ ಸಿಕ್ಕಿರುವುದು ಆ ದೇಶದ ಸ್ವಂತ ಕಾನೂನಿನ ಪರವಾನಗಿ. ಅದರ ಮೇಲೆ ಹತ್ತನೇ ವಿಧಿಯ ಸಾಲಿಲ್ಲವಾದ್ದರಿಂದ ಆಕೆ ಗಂಡನ ಜೊತೆಗೇ ಹೋದರೂ ಐರಿಷ್ ವೀಸಾಕ್ಕೆ ಅರ್ಜಿ ಹಾಕಬೇಕು. ತಾಯ್ನಾಡಿನಲ್ಲೇ ಉಳಿದವರ ಸಂಗಾತಿಗಿಂತ ಹೊರಗಿನಿಂದ ಬಂದವರ ಸಂಗಾತಿಗೆ ಹೆಚ್ಚಿನ ಹಕ್ಕು ಕೊಡುವ ಈ ಏರ್ಪಾಡು ನನಗೆ ಲಾಭವೇ ಆದರೂ ನ್ಯಾಯವೆನಿಸುವುದಿಲ್ಲ.

ಬ್ರಿಟನ್ನಿನಲ್ಲಿ 2021ರಿಂದ ಈ ಕಾರ್ಡು ನಡೆಯುವುದಿಲ್ಲ. ಡಬ್ಲಿನ್‌ನಿಂದ ಬ್ರಿಟನ್ನಿನ ಆಡಳಿತಕ್ಕೆ ಸೇರಿದ ಬೆಲ್‌ಫಾಸ್ಟ್‌ಗೆ ಬಸ್ಸು ಹಿಡಿದರೆ ಗಡಿಯಲ್ಲಿ ಕಾಯಂ ತಪಾಸಣಾ ಚೌಕಿಯೇ ಕಾಣಿಸದು, ಆದರೂ ಈ ಕಾರ್ಡನ್ನೇ ನೆಚ್ಚಿ ಬಂದ ಭಾರತೀಯ ಪಾಸ್‌ಪೋರ್ಟಿನವರಿಗೆ ಅಲ್ಲಿ ಬ್ರಿಟಿಷ್ ವೀಸಾ ಕಡ್ಡಾಯ.